ಕರಾವಳಿ ಲೋಕಕ್ಕೆ ಕಿನ್ನರರ ಎರಡು ಆಸ್ಥಾನ: ಗಡಿ, ಕಬ್ಬಿಣ, ಋಣದ ಲೆಕ್ಕ

ಗಜನಿಕಗ್ಗ

ದಾಳದ ಆಟಕ್ಕೆ ಒಂದು ಕಲ್ಪಿತ ಲೋಕ ಕಟ್ಟುತ್ತಿದ್ದೇನೆ. ಕಥೆ ನಡೆಸುವವರು ಒಬ್ಬರು, ಪಾತ್ರ ವಹಿಸುವವರು ನಾಲ್ವರು, ಒಟ್ಟು ಎಂಟು ಬೈಠಕ್. ನಕ್ಷೆ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ: ಪಡುವಲಿಗೆ ಕಡಲು, ನಡುವೆ ಅಳಿವೆ ಮತ್ತು ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಮೇಲೆ ಘಟ್ಟ, ಕಾನು ಎಂಬ ದಟ್ಟ ಕಾಡು. ಹೆಸರುಗಳು ಮಾತ್ರ ಬೇರೆ. ಕೋವಿ ಇನ್ನೂ ಬಾರದ ಕಾಲ.

ಈಗಿರುವ ಕರಡು ಹೀಗಿದೆ. ಕಿನ್ನರರು ಎಂದರೆ ಯುರೋಪಿನ ಕಥೆಗಳ ಫೇರಿಗಳಂಥವರು, ಅವರಿಗೆ ಎರಡು ಆಸ್ಥಾನ. ಕಡಲ ಆಸ್ಥಾನ ಒಳ್ಳೆಯದು, ಕಾನಿನ ಆಸ್ಥಾನ ಕೆಟ್ಟದ್ದು. ಕಿನ್ನರರಿಗೆ ಕಬ್ಬಿಣ ತಾಗಿದರೆ ಸುಡುತ್ತದೆ. ಹರಿಯುವ ನೀರು ದಾಟಲಾರರು. ಕೊಟ್ಟ ಮಾತು ಮುರಿಯಲಾರರು. ಅವರ ಊಟ ಉಂಡವರು ಮರಳಿ ಬರುವುದಿಲ್ಲ. ಎಲ್ಲೆಲ್ಲಿ ಸೋರುತ್ತದೆ ಹೇಳಿ.

ಕಾನುದಾರಿ

ಮೊದಲು ಆ ಒಳ್ಳೆಯದು-ಕೆಟ್ಟದ್ದು ತೆಗೆಯಿರಿ ಮಾರಾಯ್ರೆ. ಎರಡು ಆಸ್ಥಾನ ಎಂಬ ಕಲ್ಪನೆ ಬಂದದ್ದು ಸ್ಕಾಟ್ಲೆಂಡಿನ ಜನಪದದಿಂದ: ಸೀಲಿ, ಅನ್‌ಸೀಲಿ. ಅಲ್ಲೂ ಸೀಲಿ ಎಂದರೆ ಸಾಧುಗಳ ಕೂಟ ಅಲ್ಲ. ಬಡವರಿಗೆ ರೊಟ್ಟಿ, ಬಿತ್ತನೆ ಕಾಳು ಕೊಡುತ್ತಾರೆ. ಅವಮಾನ ಮಾಡಿದವರಿಗೆ ತಕ್ಕ ಶಾಸ್ತಿಯನ್ನೂ ಮಾಡುತ್ತಾರೆ. ಅನ್‌ಸೀಲಿಗೆ ಕಾರಣವೇ ಬೇಕಿಲ್ಲ, ರಾತ್ರಿ ಹೊರಗೆ ಸಿಕ್ಕವರನ್ನು ಎತ್ತಿಕೊಂಡು ಹೋಗುವ ಪಡೆ ಅದು. ಎರಡಕ್ಕೂ ಇರುವ ವ್ಯತ್ಯಾಸ ಕೆರಳುವುದಕ್ಕೆ ಎಷ್ಟು ಬೇಕು ಎನ್ನುವುದರಲ್ಲಿ ಮಾತ್ರ.

ಬೇಸಗೆ ಆಸ್ಥಾನ, ಚಳಿಗಾಲದ ಆಸ್ಥಾನ ಎಂಬ ಜೋಡಿ ಈಚಿನ ಫ್ಯಾಂಟಸಿಯವರು ಬೆಳೆಸಿದ್ದು. ಅದನ್ನೂ ಹಾಗೇ ಎತ್ತಿ ತರಬೇಡಿ. ನಮ್ಮ ಚಳಿಗಾಲದ ರಾಣಿ ಅಡಕೆ ಕೊಯ್ಲು ನೋಡುತ್ತ ಕೂರಬೇಕಾದೀತು. ಇಲ್ಲಿ ವರ್ಷ ಎರಡಾಗುವುದು ಮಳೆಯಿಂದ. ಮೃಗಶಿರೆ ಹಿಡಿದ ದಿನ ಅಧಿಕಾರ ಕಾನಿಗೆ, ಮಳೆ ಹೊರಟ ಮೇಲೆ ಕಡಲಿಗೆ. ಆಗ ಎರಡೂ ಆಸ್ಥಾನಕ್ಕೆ ದುಡಿಯುವ ಕಾಲ, ಸಾಲ ವಸೂಲಿಯ ಕಾಲ ತಾನಾಗಿ ಬರುತ್ತದೆ.

ಎಲ್ಲ ಕಿನ್ನರರನ್ನೂ ಆಸ್ಥಾನಕ್ಕೆ ಸೇರಿಸಬೇಡಿ. ಕವಿ ಯೇಟ್ಸ್ 1888ರಲ್ಲೇ ಐರ್ಲೆಂಡಿನವರನ್ನು ಗುಂಪಿನವರು, ಒಂಟಿಗರು ಎಂದು ಬೇರೆ ಮಾಡಿಟ್ಟಿದ್ದಾನೆ. ಆಟದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಒಂಟಿಗರೇ. ಆಸ್ಥಾನದ ನಿಯಮ ಹೇಳಿಕೊಡುವವರು ಆಸ್ಥಾನದ ಹೊರಗೆ ಇರಬೇಕಲ್ಲ.

ತಾರಿದೋಣಿ

ಹರಿಯುವ ನೀರು ದಾಟಲಾರರು ಎಂದು ಬರೆದಿದ್ದೀರಿ. ನಕ್ಷೆ ಎದುರಿಗಿಟ್ಟುಕೊಂಡು ಬರೆದದ್ದು ಅಲ್ಲ ಅನಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಪಡುವಲಿಗೆ ಹರಿದು ಕರಾವಳಿಯನ್ನು ಅಡ್ಡಡ್ಡ ಸೀಳುತ್ತವೆ. ಸಣ್ಣ ಹೊಳೆ ಬಿಟ್ಟರೂ ಐದು ತುಂಡು: ಕಾಳಿಯ ಬಡಗಣ ಸದಾಶಿವಗಡದ ಕಡೆ ಒಂದು, ಕಾರವಾರ-ಅಂಕೋಲಾ ಎರಡನೆಯದು, ಗೋಕರ್ಣದ್ದು ಮೂರು, ಕುಮಟಾ ಸೀಮೆ ನಾಲ್ಕು, ಶರಾವತಿಯ ತೆಂಕಣದ್ದು ಐದು. ನಿಮ್ಮ ನಿಯಮದ ಪ್ರಕಾರ ಕಡಲ ಆಸ್ಥಾನ ಒಂದಾಗಿ ಇರಲಿಕ್ಕೇ ಸಾಧ್ಯವಿಲ್ಲ. ಐದು ಪಾಳೆಯಪಟ್ಟು ಆಗುತ್ತದೆ.

ಇದನ್ನು ತೊಂದರೆ ಎಂದು ತಿಳಿಯಬೇಡಿ. ನಿಮ್ಮ ರಾಜಕೀಯ ಪೂರ್ತಿ ಇಲ್ಲೇ ಇದೆ. ಅಳಿವೆಯಲ್ಲಿ ನೀರು ಯಾವಾಗಲೂ ಒಂದೇ ಕಡೆಗೆ ಹರಿಯುವುದಿಲ್ಲ. ಭರತ, ಅಂದರೆ ಕಡಲ ಉಬ್ಬರ, ಏರುವಾಗ ಒಳಗೆ, ಇಳಿತದಲ್ಲಿ ಹೊರಗೆ. ತಿರುಗುವ ಹೊತ್ತಿಗೆ ಸ್ವಲ್ಪ ಕಾಲ ನೀರು ನಿಂತಿರುತ್ತದೆ. ಆ ನಿಂತ ನೀರಿನಲ್ಲಿ ಮಾತ್ರ ಅವರು ದಾಟಬಹುದು ಎನ್ನಿ. ದಿನಕ್ಕೆ ಎರಡು ಭರತ, ಎರಡು ಇಳಿತ, ಅಂದರೆ ಸುಮಾರು ಆರು ತಾಸಿಗೊಮ್ಮೆ ಬಾಗಿಲು ತೆರೆಯುತ್ತದೆ. ಆಟಕ್ಕೆ ಅರ್ಧ ತಾಸು ತೆರೆದಿರುತ್ತದೆ ಎಂದು ಹಿಡಿದರೆ ಸಾಕು.

ವೇಳೆ ಲೆಕ್ಕ ಹಾಕುವುದು ಸುಲಭ. ನಿಮ್ಮ ಲೋಕದಲ್ಲಿ ಅಮಾವಾಸ್ಯೆಯ ಭರತ ನಡುಮಧ್ಯಾಹ್ನಕ್ಕೆ ತುದಿ ಮುಟ್ಟುತ್ತದೆ ಎಂದು ಇಟ್ಟುಕೊಳ್ಳಿ. ಮರುದಿನದಿಂದ ದಿನಕ್ಕೆ 50 ನಿಮಿಷ ತಡ. ಹದಿನೈದು ದಿನಕ್ಕೆ ಹನ್ನೆರಡೂವರೆ ತಾಸು ಸರಿದು ಹುಣ್ಣಿಮೆಗೆ ಮತ್ತೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಒಂದು ಪುಟದ ಕೋಷ್ಟಕ ಬರೆದು ಆಟಗಾರರ ಕೈಗೇ ಕೊಡಿ. ವೇಳೆ ಗೊತ್ತಿದ್ದೂ ತಡವಾಗುವುದರಲ್ಲಿ ಇರುವ ಬಿಸಿ, ಗೊತ್ತಿಲ್ಲದೆ ಸಿಕ್ಕಿಬೀಳುವುದರಲ್ಲಿ ಇಲ್ಲ.

ಒಂದು ಎಚ್ಚರ. ಅಳಿವೆಯ ಬಾಯಿಂದ ಒಳಗೆ ಹೋದಷ್ಟೂ ಭರತ ತಡವಾಗಿ ತಲುಪುತ್ತದೆ. ನೀರಿನ ಮಟ್ಟ ತುದಿ ಮುಟ್ಟಿದ ಕೂಡಲೇ ಹರಿವೂ ನಿಲ್ಲುತ್ತದೆ ಎಂದಿಲ್ಲ. ಬಾಯಲ್ಲಿ ಒಂದು ಹೊತ್ತು, ಮೇಲಿನ ತಾರಿಯಲ್ಲಿ (ದೋಣಿ ದಾಟುವ ಕಡವಿನಲ್ಲಿ) ಅದಕ್ಕಿಂತ ಒಂದು ತಾಸು ತಡ ಎಂದು ಬರೆದಿಡಿ. ಇಬ್ಬರು ಕಿನ್ನರ ಸರದಾರರು ಬೇರೆ ಬೇರೆ ತಾರಿಯಲ್ಲಿ ದಾಟಲು ಹೊರಟರೆ ಯಾರು ಮೊದಲು ಎನ್ನುವುದೇ ಒಂದು ಬೈಠಕ್ ಆಗುತ್ತದೆ.

ಗಜನಿಕಗ್ಗ

ಮಳೆಗಾಲದಲ್ಲಿ? ಹೊಳೆ ತುಂಬಿ ಕೆಂಪು ನೀರು ಕಡಲಿಗೆ ನುಗ್ಗುವಾಗ ಭರತಕ್ಕೆ ಒಳಗೆ ತಳ್ಳುವ ಶಕ್ತಿ ಎಲ್ಲಿ?

ತಾರಿದೋಣಿ

ಇರುವುದಿಲ್ಲ, ಬಾಗಿಲು ಮುಚ್ಚಿತು. ಐದೂ ತುಂಡು ಬೇರೆ ಬೇರೆ. ಕಾನಿನ ಆಸ್ಥಾನಕ್ಕೆ ಮಳೆಗಾಲದಲ್ಲಿ ಅಧಿಕಾರ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತಲ್ಲ. ಕಡಲಿನವರು ಒಟ್ಟು ಸೇರಲಾರರು, ಅಷ್ಟೇ.

ಕಾನುದಾರಿ

ಅದಕ್ಕಿಂತ ದೊಡ್ಡ ಕಾರಣ ಇದೆ. ನದಿ ದಾಟಲು ಆಗದಿದ್ದರೆ ನದಿಯ ತಲೆ ಸುತ್ತಿ ಬರಬಹುದು. ನೀರು ಎರಡು ಕಡೆಗೆ ಹಂಚಿಹೋಗುವ ಗುಡ್ಡದ ನೆತ್ತಿ ಹಿಡಿದು ನಡೆದರೆ ಒಂದು ಹಳ್ಳವೂ ಅಡ್ಡ ಬರುವುದಿಲ್ಲ. ಕಿನ್ನರರ ದಾರಿ ಎಂದರೆ ಈ ನೆತ್ತಿಸಾಲುಗಳೇ, ಕಣಿವೆಯಲ್ಲಿ ಅವರ ದಾರಿ ಹಾಕಬೇಡಿ.

ಈಗ ಯಾವ ನದಿಯ ತಲೆ ಯಾರ ಕೈಯಲ್ಲಿದೆ ನೋಡಿ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಕಾಳಿ ಜೋಯಿಡಾ ಕಡೆಯ ಡಿಗ್ಗಿಯಲ್ಲಿ. ಎರಡೂ ಕಾನಿನ ಆಸ್ಥಾನದೊಳಗೆ. ಗಂಗಾವಳಿ, ಅಂದರೆ ಮೇಲಿನ ಬೇಡ್ತಿ, ಧಾರವಾಡದ ಬಯಲಿನಿಂದ ಬರುತ್ತದೆ. ಶರಾವತಿ ತೀರ್ಥಹಳ್ಳಿ ಕಡೆಯ ಅಂಬುತೀರ್ಥದಿಂದ. ಇವೆರಡರ ತಲೆ ಕಾನಿನ ಗಡಿಯ ಹೊರಗೆ. ಹಾಗಾಗಿ ಮಳೆಗಾಲದಲ್ಲಿ ಒಂದನೇ-ಎರಡನೇ ತುಂಡು ಕಾನಿನ ಅಪ್ಪಣೆ ಪಡೆದು ಸೇರಬಹುದು, ಮೂರನೇ-ನಾಲ್ಕನೆಯವೂ ಸೇರಬಹುದು. ಗಂಗಾವಳಿಯ ಆಚೆ-ಈಚೆ ಮಾತ್ರ ಕೂಡಲಾರವು, ಐದನೆಯದು ಪೂರಾ ಒಂಟಿ. ಕಾನಿನ ರಾಣಿ ದಾರಿ ಸುಂಕದಿಂದಲೇ ಬದುಕುತ್ತಾಳೆ ಎಂದರೂ ತಪ್ಪಿಲ್ಲ.

ಚಿರೇಕಲ್ಲು

ನೆತ್ತಿಸಾಲು ಸರಿ. ಆದರೆ ಕಬ್ಬಿಣ ತಾಗಿದರೆ ಸುಡುತ್ತದೆ ಎಂಬ ನಿಯಮ ಅದರ ಪಕ್ಕದಲ್ಲೇ ಕೂತಿದೆ. ಕರಾವಳಿಯ ಗುಡ್ಡದ ನೆತ್ತಿ ಬಹುಪಾಲು ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಕೆಂಪು ಬಣ್ಣವೇ ಕಬ್ಬಿಣದ್ದು. ಮನೆ, ಬಾವಿ, ಕೋಟೆ, ಕಂಪೌಂಡು ಎಲ್ಲ ಅದೇ ಕಲ್ಲು. ನಿಮ್ಮ ಕಿನ್ನರರು ಮೊದಲ ಹೆಜ್ಜೆಗೇ ಬೆಂದು ಹೋಗುತ್ತಾರೆ.

ಎರಡು ದಾರಿ ಇದೆ. ಒಂದು, ನಿಯಮವನ್ನು ಪೂರ್ತಿ ಒಪ್ಪಿಕೊಂಡು ಅವರನ್ನು ಚಿರೇಕಲ್ಲಿಲ್ಲದ ಕಡೆಗೆ ತಳ್ಳುವುದು: ಮರಳದಂಡೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಅಳಿವೆಯ ಕೆಸರು, ಯಾಣದಂಥ ಸುಣ್ಣಕಲ್ಲಿನ ಕಪ್ಪು ಶಿಖರ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ರಾಜ ಪೀಠ, ರಾಣಿ ಪೀಠ ಇಡಲು ಇದಕ್ಕಿಂತ ಜಾಗ ಬೇಕೆ? ಆದರೆ ಹೀಗೆ ಮಾಡಿದರೆ ದಾರಿಗಳು ಸತ್ತುಹೋಗುತ್ತವೆ.

ಎರಡನೆಯದೇ ಮೇಲು. ಸುಡುವುದು ಅದಿರು ಅಲ್ಲ, ಕುಲುಮೆಯಲ್ಲಿ ಬೆಂದು ಸುತ್ತಿಗೆ ಪೆಟ್ಟು ತಿಂದ ಕಬ್ಬಿಣ. ಕತ್ತಿ, ಗುದ್ದಲಿ, ಅಡಕತ್ತರಿ, ಮೆಟ್ಟುಗತ್ತಿ. ಯುರೋಪಿನಲ್ಲಿ ತೊಟ್ಟಿಲ ಮೇಲೆ ಕತ್ತರಿ ತೂಗಿಸುತ್ತಿದ್ದರು, ಇಲ್ಲಿ ಬಾಣಂತಿ ತಲೆದಿಂಬಿನಡಿ ಕತ್ತಿ, ಅಡಕತ್ತರಿ ಇಡುತ್ತಾರೆ. ಎಲ್ಲಿಯೂ ಅದಿರಿನ ಗಟ್ಟಿ ಇಟ್ಟವರಿಲ್ಲ. ತುಕ್ಕು ಪೂರ್ತಿ ತಿಂದ ಕತ್ತಿ ಮತ್ತೆ ಮಣ್ಣಾಯಿತು, ಕೆಲಸಕ್ಕೆ ಬಾರದು. ನಮ್ಮ ಮಳೆ, ಉಪ್ಪುಗಾಳಿಗೆ ಹೋದರೆ ಪ್ರತಿ ಬೈಠಕ್‌ನಲ್ಲೂ ಎಣ್ಣೆ ಸವರಿದಿರಾ ಎಂದು ಕೇಳಬೇಕು. ಸವರದಿದ್ದರೆ ಮೂರನೇ ಬೈಠಕ್ ಹೊತ್ತಿಗೆ ಆಯುಧದ ಬಲ ಅರ್ಧ.

ಕವಡೆಲೆಕ್ಕ

ಹಾಗಾದರೆ ಉಪ್ಪಿಗೂ ಅದೇ ನಿಯಮ ಹಾಕಿ. ಹಳೆಯ ನಂಬಿಕೆಯಲ್ಲಿ ಉಪ್ಪು ಕೂಡ ಕಿನ್ನರರಿಗೆ ಆಗದು. ಕಡಲ ಆಸ್ಥಾನದವರು ಉಪ್ಪುನೀರಲ್ಲೇ ಇದ್ದು ಉಪ್ಪಿಗೆ ಹೆದರುವುದು ಹೇಗೆ ಎಂದು ಆಟಗಾರ ಕೇಳಿಯೇ ಕೇಳುತ್ತಾನೆ. ಉತ್ತರ: ನೀರಲ್ಲಿ ಕರಗಿದ್ದು ಅವರದ್ದು, ಆಗರದಲ್ಲಿ ಬಿಸಿಲಿಗಿಟ್ಟು ಹರಳು ಮಾಡಿದ್ದು ಮನುಷ್ಯರದ್ದು. ಸಾಣಿಕಟ್ಟಾದಂಥ ಉಪ್ಪಿನಾಗರ ನಿಮ್ಮ ನಕ್ಷೆಯಲ್ಲಿ ಇದ್ದರೆ ಅದು ಶಸ್ತ್ರಾಗಾರ. ಉಪ್ಪು ಆಗುವುದು ಬೇಸಗೆಯಲ್ಲಿ ಮಾತ್ರ. ಮಳೆಗೆ ಮುಂಚೆ ಎಷ್ಟು ಕೂಡಿಟ್ಟಿರೋ ಅಷ್ಟೇ, ಅದೂ ಗಾಳಿಯ ತೇವಕ್ಕೆ ಒಸರುತ್ತ ಹೋಗುತ್ತದೆ.

ಹಾಗೆ ನೋಡಿದರೆ ಮೂಲ ನಿಯಮ ಒಂದೇ ಆಗುತ್ತದೆ. ಬೆಂಕಿ ಅಥವಾ ಬಿಸಿಲಿನಿಂದ ಮನುಷ್ಯ ದುಡಿದು ರೂಪ ಬದಲಿಸಿದ್ದು ಅವರಿಗೆ ತಾಗುತ್ತದೆ. ಹುಟ್ಟಿದ ಹಾಗೆ ಇರುವುದು ತಾಗುವುದಿಲ್ಲ. ಹತ್ತು ನಿಷೇಧ ಬಾಯಿಪಾಠ ಮಾಡುವ ಬದಲು ಈ ಒಂದರಿಂದ ಎಲ್ಲವನ್ನೂ ಊಹಿಸಬಹುದು.

ಸೀಗೆಬಳ್ಳಿ

ಅನ್ನವೂ ಬೆಂದದ್ದೇ. ಅನ್ನದ ತಪ್ಪೇಲೆ ಹಿಡಿದು ಯುದ್ಧಕ್ಕೆ ಹೋಗುವುದಾ?

ಕವಡೆಲೆಕ್ಕ

ನಗಬೇಡಿ. ಬ್ರಿಟನ್ನಿನ ನಂಬಿಕೆಯಲ್ಲಿ ಕಿಸೆಯಲ್ಲಿ ಒಣರೊಟ್ಟಿ ತುಂಡು ಇಟ್ಟುಕೊಂಡು ಹೋದರೆ ಕಿನ್ನರರು ಹತ್ತಿರ ಬರುತ್ತಿರಲಿಲ್ಲ. ಇಲ್ಲಿ ಒಂದು ಮುಷ್ಟಿ ಅವಲಕ್ಕಿ ಸಾಕು: ಭತ್ತ ನೆನೆಸಿ, ಹುರಿದು, ಕುಟ್ಟಿದ್ದು. ಬಲ ಮಾತ್ರ ಬೇರೆ ಬೇರೆ ಇಡಿ. ಕಬ್ಬಿಣ ಗಾಯ ಮಾಡುತ್ತದೆ, ಉಪ್ಪು ತಡೆಯುತ್ತದೆ, ಅವಲಕ್ಕಿ ಹೊತ್ತವರನ್ನು ದಾರಿ ತಪ್ಪಿಸಲಾಗುವುದಿಲ್ಲ. ದಾರಿ ತಪ್ಪಿದ ಮೇಲೆ ಅವಲಕ್ಕಿ ಉಪಯೋಗವಿಲ್ಲ. ಆಗ ಅಂಗಿ ತಿರುವಿ ಹಾಕಿಕೊಳ್ಳುವುದೇ ದಾರಿ. ಅದೂ ಅಲ್ಲಿಯ ಹಳೆಯ ಉಪಾಯವೇ.

ಚಂಡೆಮದ್ದಲೆ

ಆಸ್ಥಾನವನ್ನು ತೋರಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬಾಗಿಲು ತೆರೆದ ಕೂಡಲೇ ಸಿಂಹಾಸನ, ರಾಣಿ, ನೂರು ಜನ ಎಂದು ಒಂದೇ ಉಸಿರಿಗೆ ವರ್ಣಿಸಿದರೆ ಆಟಗಾರರಿಗೆ ಏನೂ ನೆನಪುಳಿಯುವುದಿಲ್ಲ. ವೇಷಗಳನ್ನು ಮೊದಲ ಸಲ ರಂಗಕ್ಕೆ ತರುವ ಯಕ್ಷಗಾನದ ಒಡ್ಡೋಲಗ ಇರುವಾಗ ಬೇರೆಲ್ಲೋ ಹುಡುಕುವುದೇಕೆ? ಇಬ್ಬರು ತೆರೆ ಹಿಡಿಯುತ್ತಾರೆ. ವೇಷ ಒಮ್ಮೆಗೇ ಕಾಣುವುದಿಲ್ಲ. ಮೊದಲು ಗೆಜ್ಜೆ ಸದ್ದು, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಅರ್ಧ ಮುಖ, ಕಡೆಗೆ ತೆರೆ ಸರಿಯುತ್ತದೆ. ಕುಣಿತ ಮುಗಿದ ಮೇಲೆ ಹಾಡಿ ಆಟ ನಡೆಸುವ ಭಾಗವತರು ಯಾರು ಎತ್ತ ಎಂದು ವಿಚಾರಿಸುತ್ತಾರೆ, ವೇಷ ತನ್ನ ಪರಿಚಯದ ಪೀಠಿಕೆ ಹೇಳುತ್ತದೆ.

ಹಾಗೇ ಮಾಡಿ. ಮೊದಲ ಬೈಠಕ್‌ನಲ್ಲಿ ಸದ್ದು ಮಾತ್ರ. ಎರಡನೆಯದರಲ್ಲಿ ರಾಣಿಯ ಕೈ, ಒಂದು ಅಪ್ಪಣೆ. ಪೂರ್ತಿ ಮುಖ ನಾಲ್ಕನೆಯದಕ್ಕಿಂತ ಮುಂಚೆ ಬೇಡ. ವಿಚಾರಿಸುವ ಕೆಲಸಕ್ಕೆ ಆಸ್ಥಾನದಲ್ಲಿ ಒಬ್ಬ ಭಾಗವತ ಬೇಕು. ಆಟಗಾರರ ಪರವಾಗಿ ಪ್ರಶ್ನೆ ಕೇಳುವ ಹಕ್ಕು ಅವನೊಬ್ಬನಿಗೇ. ಕಿನ್ನರರು ನಿಜ ಹೆಸರು ಹೇಳುವುದಿಲ್ಲವಾದ್ದರಿಂದ ಪೀಠಿಕೆಯಲ್ಲಿ ಬಿರುದು ಮಾತ್ರ ಬರಬೇಕು. ಮೂರು ಬಿರುದು ಸಾಕು. ಅದರಲ್ಲಿ ಒಂದು ಸುಳ್ಳೆನಿಸುವಂತಿದ್ದು ನಿಜವಾಗಿರಲಿ, ಅದನ್ನು ಹಿಡಿದು ಹೋದವರಿಗೆ ಹೆಸರಿನ ಸುಳಿವು ಸಿಗಲಿ.

ಮಾತು ಕೊಡುವ ಪ್ರಸಂಗಕ್ಕೆ ಮಾದರಿ ಯಕ್ಷಪ್ರಶ್ನೆ. ನೀರು ನನ್ನದು, ಉತ್ತರ ಹೇಳಿ ಕುಡಿ ಎಂದು ಯಕ್ಷ ಮೊದಲೇ ಎಚ್ಚರಿಸುತ್ತಾನೆ. ನಾಲ್ವರು ಕೇಳದೆ ಕುಡಿದು ಬೀಳುತ್ತಾರೆ. ಯುಧಿಷ್ಠಿರ ಉತ್ತರಿಸುತ್ತಾನೆ. ಒಬ್ಬನನ್ನು ಬದುಕಿಸುತ್ತೇನೆ ಎಂದಾಗ ನಕುಲನನ್ನು ಕೇಳುತ್ತಾನೆ, ಆ ಆಯ್ಕೆಗೆ ಮೆಚ್ಚಿ ಯಕ್ಷ ಎಲ್ಲರನ್ನೂ ಎಬ್ಬಿಸುತ್ತಾನೆ. ನಿಯಮ ಮೊದಲೇ ಕೇಳಿಸಿರಬೇಕು, ಮುರಿದರೆ ತಪ್ಪದೆ ಫಲ ಆಗಬೇಕು, ಹೊರಬರಲು ಒಂದು ದಾರಿ ಇರಬೇಕು. ಈ ಮೂರರಲ್ಲಿ ಮೊದಲನೆಯದನ್ನು ಬಿಟ್ಟವರ ಆಟದಲ್ಲಿ ಜಗಳ ಖಂಡಿತ.

ಗಜನಿಕಗ್ಗ

ಊಟದ ನಿಯಮದ್ದೇ ತಲೆನೋವು. ನಾಲ್ವರೂ ಏನನ್ನೂ ಮುಟ್ಟದೆ, ಯಾರಿಗೂ ಮಾತು ಕೊಡದೆ ಕೂತುಬಿಟ್ಟರೆ?

ಕವಡೆಲೆಕ್ಕ

ಕೂರುತ್ತಾರೆ, ಎಲ್ಲ ಕಡೆ ಆಗುವುದೇ ಅದು. ಎಚ್ಚರಿಕೆಗಳನ್ನು ಮಾತ್ರ ಕಲಿಸಿದರೆ ಆಟಗಾರ ಕಲ್ಲಾಗುತ್ತಾನೆ. ಬೇಡ ಎನ್ನುವುದಕ್ಕೂ ಬೆಲೆ ಇಡಬೇಕು. ಘಟ್ಟದ ಮೇಲೆ ಬಂದವರಿಗೆ ಮೊದಲು ಆಸರಿ, ನೀರು-ಬೆಲ್ಲ. ಮುಟ್ಟದೆ ಎದ್ದು ಹೋದರೆ ಮನೆಯವರಿಗೆ ಅವಮಾನ. ಕಾನಿನ ಆಸ್ಥಾನಕ್ಕೂ ಅದೇ ರೀತಿ.

ಹೀಗೆ ಮಾಡಿ. ಪ್ರತಿ ಆಟಗಾರನ ಮುಂದೆ ಏಳು ಕವಡೆ. ನೀರು-ಬೆಲ್ಲ ಸ್ವೀಕರಿಸಿದರೆ ಒಂದು ಕವಡೆ ಆಸ್ಥಾನಕ್ಕೆ. ಎಲೆ ಹಾಕಿ ಕೂತು ಉಂಡರೆ ಮೂರು. ಆಸ್ಥಾನದಿಂದ ಪ್ರಾಣ ಉಳಿಸಿಕೊಂಡರೆ ಏಳೂ. ಬೇಡ ಎಂದರೆ ಕವಡೆ ಹೋಗುವುದಿಲ್ಲ, ಬದಲಿಗೆ ಆ ಬೈಠಕ್ ಪೂರ್ತಿ ಆಸ್ಥಾನದಲ್ಲಿ ಯಾರೂ ಅವನೊಡನೆ ನೇರ ಮಾತಾಡುವುದಿಲ್ಲ. ಏನಿದ್ದರೂ ಭಾಗವತನ ಮೂಲಕ. ಕವಡೆ ಸೊನ್ನೆಯಾದವ ಮರಳಿ ಬರಲಾರ ಎನ್ನುವುದು ಕರಡಿನ ನಿಯಮಕ್ಕೂ ಹೊಂದುತ್ತದೆ. ಕೆಲಸ ಮಾಡಿಕೊಟ್ಟರೆ ಅದೇ ದರದಲ್ಲಿ ಕವಡೆ ವಾಪಸ್. ಲೆಕ್ಕ ಒಂದೇ ವಹಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇರಲಿ. ಕಥೆ ನಡೆಸುವವರು ಗುಟ್ಟಾಗಿ ಬರೆದುಕೊಂಡರೆ ಆರನೇ ಬೈಠಕ್‌ಗೆ ನಂಬಿಕೆ ಹೋಗುತ್ತದೆ.

ಆಸ್ಥಾನಕ್ಕೂ ಸಾಲ ಇರಲಿ. ಸ್ಕಾಟಿಷ್ ಲಾವಣಿಗಳಲ್ಲಿ ಕಿನ್ನರರು ಏಳು ವರ್ಷಕ್ಕೊಮ್ಮೆ ನರಕಕ್ಕೆ ತೆರಿಗೆ ಕಟ್ಟಬೇಕು, ತಮ್ಮವರ ಬದಲು ಮನುಷ್ಯನನ್ನು ಕೊಡಲು ನೋಡುತ್ತಾರೆ. ಇಲ್ಲಿ ಗೇಣಿ ಎನ್ನಿ. ಕಾನು ಅವರ ಸ್ವಂತದ್ದಲ್ಲ, ಏಳು ವರ್ಷದ ಗೇಣಿ ಮೇಲಿನ ಒಡೆಯನಿಗೆ ಸಲ್ಲಬೇಕು. ಒಡೆಯ ಯಾರು ಎಂದು ನೀವು ತೀರ್ಮಾನಿಸಿ ಬರೆದಿಡಿ, ಆಟಗಾರರಿಗೆ ಹೇಳಬೇಡಿ. ಗೇಣಿಯ ಗಡುವು ಎಂಟನೇ ಬೈಠಕ್‌ಗೆ ಬೀಳಲಿ.

ಕಾನುದಾರಿ

ಗಡುವಿಗೆ ಮಳೆ ನಕ್ಷತ್ರ ಹಿಡಿಯಿರಿ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ: ಸರಿಯಾಗಿ ಎಂಟು. ಒಂದೊಂದು ಹದಿಮೂರು-ಹದಿನಾಲ್ಕು ದಿನ. ಜೂನ್ ಮೊದಲ ವಾರ ದಾಟಿ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ನೂಲು ಹುಣ್ಣಿಮೆ ಆಶ್ಲೇಷ ಅಥವಾ ಮಘೆಯಲ್ಲಿ ಬೀಳುತ್ತದೆ, ಮೀನುಗಾರರು ಕಡಲಿಗೆ ಕಾಯಿ ಬಿಡುವ ದಿನ. ಅಳಿವೆಯ ಬಾಗಿಲು ಆವತ್ತು ಮೊದಲ ಸಲ ತೆರೆಯಲಿ. ಅಲ್ಲಿಂದ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಭರತಕ್ಕೆ ಮಾತ್ರ, ಉತ್ತರೆ ಮಳೆಯಲ್ಲಿ ದಿನವೂ.

ಸೀಗೆಬಳ್ಳಿ

ಕಿನ್ನರಲೋಕದಲ್ಲಿ ಹೊತ್ತು ಬೇರೆ ಸರಿಯುತ್ತದಲ್ಲ, ಆಗ ನಕ್ಷತ್ರದ ಲೆಕ್ಕ ಏನಾಯಿತು? ಐರ್ಲೆಂಡಿನ ಓಷಿನ್ ಮೂರು ವರ್ಷ ಎಂದುಕೊಂಡು ಮುನ್ನೂರು ವರ್ಷ ಕಳೆದು ಬಂದವನು.

ಕವಡೆಲೆಕ್ಕ

ಮುನ್ನೂರು ವರ್ಷ ಕಥೆಗೆ ಚಂದ, ಆಟಕ್ಕೆ ಮರಣ. ಒಳಗಿನ ಒಂದು ಜಾವಕ್ಕೆ, ಅಂದರೆ ಮೂರು ತಾಸಿಗೆ, ಹೊರಗಿನ ಒಂದು ದಿನ ಎಂದು ಇಡಿ. ಒಂದು ರಾತ್ರಿ ತಂಗಿದರೆ ನಾಲ್ಕು ದಿನ ಹೋಯಿತು, ಮೂರು ರಾತ್ರಿ-ಹಗಲು ಇದ್ದರೆ ಇಪ್ಪತ್ತನಾಲ್ಕು, ಅಂದರೆ ಒಂದೂಮುಕ್ಕಾಲು ನಕ್ಷತ್ರ. ನೋವಾಗುವಷ್ಟಿದೆ, ಕಥೆ ಮುರಿಯುವಷ್ಟಿಲ್ಲ. ಇಬ್ಬರು ಒಳಗೆ, ಇಬ್ಬರು ಹೊರಗೆ ಇರುವಾಗ ಈ ಲೆಕ್ಕ ಕೈಕೊಡುತ್ತದೆ. ಹೊರಗಿನವರ ದಿನ ಮೊದಲು ಆಡಿಸಿ, ಒಳಗಿನವರ ಜಾವವನ್ನು ಆಮೇಲೆ.

ಜಡ್ಡಿಗದ್ದೆ

ಎರಡು ಮಾತು. ಕಾನಿನ ಆಸ್ಥಾನವನ್ನು ಕತ್ತಲೆಕಾನಿನ ರಾಮಪತ್ರೆ ಮರಗಳ ಜಡ್ಡಿಯಂಥ (ಜೌಗಿನಂಥ) ಜಾಗದಲ್ಲಿಡಿ: ನಿಂತ ನೀರು, ಮಂಡಿ ಮಡಿಸಿದ ಹಾಗೆ ಕೆಸರಿನಿಂದ ಎದ್ದ ಬೇರು, ಊರುಗೋಲಿನ ಹಾಗೆ ಇಳಿದ ಬೇರು. ಆದರೆ ಚೌಡಿ, ಜಟಕ, ಭೂತಪ್ಪನನ್ನು ಆಸ್ಥಾನಿಕರ ಪಟ್ಟಿಗೆ ಸೇರಿಸಬೇಡಿ. ಅವು ಇಂದಿಗೂ ಪೂಜೆ ನಡೆಯುವ ದೈವಗಳು, ದೇವರಕಾಡು ಉಳಿದದ್ದೂ ಅವುಗಳ ಹೆಸರಲ್ಲೇ. ಶಕ್ತಿ ಅಂಕ, ಪ್ರಾಣದ ಅಂಕ ಕೊಟ್ಟು ಕೊಲ್ಲಿಸುವ ಸರಕು ಅಲ್ಲ.

ಇನ್ನೊಂದು, ಮಗು ಬದಲಾಯಿಸುವ ಕಿನ್ನರರ ಕಥೆ ತಂದರೆ ಪರೀಕ್ಷೆಗೆ ಬೆಂಕಿ, ಕಬ್ಬಿಣ ಬಳಸುವ ಅವಕಾಶ ಇಡಬೇಡಿ. 1895ರಲ್ಲಿ ಐರ್ಲೆಂಡಿನ ಟಿಪ್ಪರರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸನ್ನು ಗಂಡನೇ ಸುಟ್ಟ, ಇವಳು ನನ್ನ ಹೆಂಡತಿಯಲ್ಲ, ಕಿನ್ನರರು ಇಟ್ಟುಹೋದವಳು ಎಂದು. ಮೊಟ್ಟೆಯ ಚಿಪ್ಪಿನಲ್ಲಿ ಅಡುಗೆ ಮಾಡಿ ತೋರಿಸಿ, ನಗಿಸಿ, ವಯಸ್ಸು ಬಾಯಿಬಿಡಿಸುವ ಹಳೆಯ ಉಪಾಯ ಇದೆ. ಅದನ್ನು ಹಾಕಿ.

ಗಜನಿಕಗ್ಗ

ಇಷ್ಟನ್ನೂ ನಕ್ಷೆಗೆ ಏರಿಸುತ್ತಿದ್ದೇನೆ. ಒಂದು ಉಳಿಯಿತು: ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ಪ್ರತಿ ಹಳ್ಳಕ್ಕೂ ಅಡಕೆ ಮರದ ಸಂಕ ಇರುತ್ತದೆ. ಅದರ ಮೇಲೆ ನಡೆದು ದಾಟಿದರೆ ನೀರಿನ ನಿಯಮ ಏನಾಗುತ್ತದೆ?

ಚಿರೇಕಲ್ಲು

ಮೂಲ ನಿಯಮಕ್ಕೇ ಕೇಳಿ. ಕತ್ತಿಯಿಂದ ಕಡಿದು ಹಾಸಿದ ಸಂಕದಲ್ಲಿ ಕಬ್ಬಿಣದ ಗಾಯ ಇದೆ, ಕಾಲಿಡಲಾರರು. ಗಾಳಿಗೆ ತಾನಾಗಿ ಬಿದ್ದ ಮರ ಅಡ್ಡ ಇದ್ದರೆ ಧಾರಾಳವಾಗಿ ದಾಟುತ್ತಾರೆ.

ತಾರಿದೋಣಿ

ಮನುಷ್ಯ ಹೊತ್ತು ದಾಟಿಸಿದರೂ ಆಗುತ್ತದೆ ಎಂದು ಸೇರಿಸಿ. ಕಾಲು ಸಂಕಕ್ಕೆ ತಾಗದಿದ್ದರೆ ಸಾಕು. ಬೆಲೆ ಮೂರು ಕವಡೆ, ಆಸ್ಥಾನದಿಂದ ಆಟಗಾರನಿಗೆ. ನಡುಸಂಕದಲ್ಲಿ ನಿಂತು ಬೆಲೆ ಏರಿಸಲಿಕ್ಕೆ ಯಾರಾದರೂ ನೋಡಿಯೇ ನೋಡುತ್ತಾರೆ. ಮಾತು ದಡದಲ್ಲೇ ಮುಗಿದಿರಬೇಕು, ಸಂಕದ ಮೇಲೆ ಆಡಿದ್ದು ಇಬ್ಬರನ್ನೂ ಕಟ್ಟುವುದಿಲ್ಲ ಎಂದು ಮೊದಲ ಬೈಠಕ್‌ನಲ್ಲೇ ಒಂಟಿ ಕಿನ್ನರನ ಬಾಯಲ್ಲಿ ಹೇಳಿಸಿಬಿಡಿ.